ಚೀನಾಕ್ಕೆ ಹೋದವರಿಗೆ ಎರಡು ಕೋಡು

ಶಾಂಘೈನಲ್ಲಿ ಬೆಳಗ್ಗೆ ಏಳೂವರೆ, ಬಾವ್‌ಜಿ ಅಂಗಡಿ. ಬಾವ್‌ಜಿ ಅಂದರೆ ಹಬೆಯಲ್ಲಿ ಬೇಯಿಸಿದ, ಹೂರಣ ತುಂಬಿದ ಬನ್ನು. ಹಬೆಯಾಡುವ ಎರಡು ಬಾವ್‌ಜಿ ಪೊಟ್ಟಣಕ್ಕೆ ಬಿದ್ದಾಗಿದೆ, ಪೊಟ್ಟಣ ಕೈಗೂ ಬಂದಾಗಿದೆ. ಹಿಂದೆ ಆಫೀಸಿಗೆ ಹೊರಟವರ ಸಾಲು. ಪ್ರವಾಸಿಯ ಫೋನಿನಲ್ಲಿ ಮಾತ್ರ ಒಂದು ಉಂಗುರ ಗರಗರ ಸುತ್ತುತ್ತಲೇ ಇದೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನೋದು ಇದಕ್ಕೇ. ಬ್ಯಾಂಕಿನಲ್ಲಿ ದುಡ್ಡಿದೆ, ಜೇಬಿನಲ್ಲಿ ಕಾರ್ಡಿದೆ. ಅಂಗಡಿಯಲ್ಲಿ ಕಾರ್ಡ್ ಉಜ್ಜುವ ಯಂತ್ರವೇ ಇಲ್ಲ. ಇರುವುದು ಗೋಡೆಗೆ ಅಂಟಿಸಿದ, ಚೀನಾದ ಪಾವತಿ ಆ್ಯಪ್‌ಗಳ ಎರಡು ಕ್ಯೂಆರ್ ಚೌಕ: ನೀಲಿಯದು ಅಲಿಪೇ, ಹಸಿರಿನದು ವೀಚಾಟ್ ಪೇ.

2023ರ ಜುಲೈನಿಂದ ಈ ಎರಡೂ ಆ್ಯಪ್‌ಗಳು ವಿದೇಶಿ ವೀಸಾ, ಮಾಸ್ಟರ್‌ಕಾರ್ಡ್‌ಗಳನ್ನು ಧಾರಾಳವಾಗಿ ಒಳಗೆ ಬಿಟ್ಟುಕೊಳ್ಳುತ್ತಿವೆ. ಬಾಗಿಲು ತೆರೆದೇ ಇದೆ. ಜನ ಅದನ್ನು ತಟ್ಟುವುದು ಮಾತ್ರ ವಿಮಾನ ಇಳಿದ ಮೇಲೆ. ಆಗ ಆ್ಯಪ್ ಇಳಿಸಿಕೊಳ್ಳೋಣವೆಂದರೆ ಹೋಟೆಲಿನ ವೈಫೈನಲ್ಲಿ ಗೂಗಲ್ ಪ್ಲೇ ತೆರೆಯುವುದಿಲ್ಲ. ಬ್ಯಾಂಕು ಜಿಮೇಲ್‌ಗೆ ಒಟಿಪಿ ಕಳಿಸಿದರೆ ಅದೂ ಕಾಣುವುದಿಲ್ಲ. ಎಸ್ಸೆಮ್ಮೆಸ್ಸಿಗೆ ಕಳಿಸಿದರೆ, ಖರ್ಚು ಉಳಿಸಲೆಂದು ಊರಿನ ಸಿಮ್ಮನ್ನು ವಿಮಾನದಲ್ಲೇ ತೆಗೆದು ಪರ್ಸಿಗೆ ಹಾಕಿ ಆಗಿರುತ್ತದೆ. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ಊರಿನ ಸಿಮ್ಮಿನ ರೋಮಿಂಗ್ ಡೇಟಾ ಇದ್ದರೆ ಗೂಗಲ್ ನಡೆಯುತ್ತದೆ, ಏಕೆಂದರೆ ಆ ಡೇಟಾ ನಿಮ್ಮ ಊರಿನ ನೆಟ್‌ವರ್ಕ್ ಸುತ್ತಿಕೊಂಡೇ ಬರುತ್ತದೆ.

ಆದ್ದರಿಂದ ಹೊರಡುವ ವಾರದ ಮೊದಲೇ, ಮನೆಯ ಸೋಫಾದ ಮೇಲೆ ಕೂತು ಆ್ಯಪ್‌ನ ನೋಂದಣಿ ಮುಗಿಸಬೇಕು: ಫೋನ್ ನಂಬರು, ಅದಕ್ಕೆ ಬಂದ ಕೋಡು, ಕಾರ್ಡು, ಬ್ಯಾಂಕಿನ ಒಟಿಪಿ, ಆರಂಕಿಯ ಪಾಸ್‌ವರ್ಡು, ಪಾಸ್‌ಪೋರ್ಟಿನ ಫೋಟೊ, ಕೊನೆಗೆ ನಿಮ್ಮದೇ ಮುಖ. ಎಡವುವುದು ಹೆಸರಿನಲ್ಲಿ. ಅಮ್ಮ ಕರೆಯುವ ಹೆಸರು, ಕಾರ್ಡಿನ ಮೇಲಿನ ಹೆಸರು ಯಾವುದೂ ಲೆಕ್ಕಕ್ಕಿಲ್ಲ. ಪಾಸ್‌ಪೋರ್ಟಿನ ಫೋಟೊ ಪುಟದ ತಳದಲ್ಲಿ ಬಾಣದ ತುದಿಗಳಿಂದ ತುಂಬಿದ ಎರಡು ಸಾಲು ಇವೆಯಲ್ಲ, ಅದರ ಮೊದಲ ಸಾಲು ನೋಡಿ: ಜೋಡಿ ಬಾಣದ ಎಡಕ್ಕೆ ಇರುವುದು ಮನೆತನದ ಹೆಸರು, ಬಲಕ್ಕೆ ಇರುವುದು ನಿಮ್ಮದು. ಹಾಗೇ ತುಂಬಿಸಿ, ಜಾಣತನ ಬೇಡ. ವೀಚಾಟ್ ಇನ್ನೂ ಒಂದು ಕೈ ಮೇಲೆ. ಈಗಾಗಲೇ ಖಾತೆ ಇರುವ ಯಾರಾದರೂ ನಿಮ್ಮ ಪರವಾಗಿ ಕೋಡ್ ಸ್ಕ್ಯಾನ್ ಮಾಡಲಿ ಎಂದು ಕೆಲವೊಮ್ಮೆ ಪಟ್ಟು ಹಿಡಿಯುತ್ತದೆ, ರಿಜಿಸ್ಟ್ರಾರ್ ಕಚೇರಿಯಲ್ಲಿ ಸಾಕ್ಷಿ ಕೇಳಿದ ಹಾಗೆ. ಹಾಗಾಗಿ ಅಲಿಪೇ ಮೊದಲು, ವೀಚಾಟ್ ಬೆನ್ನಿಗೆ. ಕಾರ್ಡೂ ಬೇರೆ ಬೇರೆ ಬ್ಯಾಂಕಿನವು ಎರಡಿರಲಿ. ವರ್ಷಗಟ್ಟಲೆ ನಿದ್ದೆಯಲ್ಲಿದ್ದ ಬ್ಯಾಂಕಿನ ಕಾವಲುಗಾರ, ಚೀನಾದಲ್ಲಿ ಆರು ಯುವಾನಿನ ಬಾವ್‌ಜಿ ಕೊಂಡಾಗಲೇ ದಡಬಡಿಸಿ ಎದ್ದು ಕಾರ್ಡ್ ಬಂದ್ ಮಾಡಬಹುದು.

ಇನ್ನು ತಲೆಬರಹದ ಎರಡು ಕೋಡು. ಒಂದು, ನಿಮ್ಮ ಫೋನಿನಲ್ಲಿ ಮೂಡುವುದು. ಅಂಗಡಿಯವರು ಅದಕ್ಕೆ ಕೆಂಪು ಬೆಳಕು ಹೊಡೆಯುತ್ತಾರೆ, ಮೊತ್ತ ಅವರದೇ ಲೆಕ್ಕ. ಈ ಕೋಡು ನಿಮಿಷಕ್ಕೊಮ್ಮೆ ಬದಲಾಗುತ್ತದೆ. ನೆಟ್ ಸಿಗದಿದ್ದರೆ ಬೇಕಾದೀತೆಂದು ಬೆಳಗ್ಗೆಯೇ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡವರ ಮುಂದಾಲೋಚನೆ ಮಧ್ಯಾಹ್ನಕ್ಕೆ ಹಳಸಿರುತ್ತದೆ. ಇನ್ನೊಂದು, ಗೋಡೆಯ ಮೇಲಿನದು. ನೀವೇ ಸ್ಕ್ಯಾನ್ ಮಾಡಿ, ಮೊತ್ತ ನೀವೇ ಒತ್ತಬೇಕು. ಇಲ್ಲಿ ಚುಕ್ಕಿಗೆ ಭಾರೀ ಬೆಲೆ. 15.00 ಒತ್ತುವಾಗ ಚುಕ್ಕಿ ಜಾರಿದರೆ ನೂಡಲ್ಸ್ 1500 ಯುವಾನ್. ಮೇಜಿನ ಮೇಲಿನ ಪುಟ್ಟ ಡಬ್ಬಿ ಆ ಸಂಗತಿಯನ್ನು ಗುಟ್ಟಾಗಿಡುವುದಿಲ್ಲ. "ಝಿಫುಬಾವ್ ದಾವ್‌ಝಾಂಗ್," ಅಂದರೆ ಅಲಿಪೇಗೆ ದುಡ್ಡು ಬಂತು ಎಂದು ಕೂಗಿ, ಮೊತ್ತವನ್ನೂ ಇಡೀ ಅಂಗಡಿಗೆ ಕೇಳುವಂತೆ ಸಾರುತ್ತದೆ.

ಶುಲ್ಕದ ಲೆಕ್ಕ ಇನ್ನೂ ಮಜ. ವಿದೇಶಿ ಕಾರ್ಡಿನಲ್ಲಿ ಒಂದು ಸಲಕ್ಕೆ 200 ಯುವಾನ್‌ವರೆಗೆ ಶುಲ್ಕವಿಲ್ಲ. ಅದು ದಾಟಿತೋ, ಪೂರ್ತಿ ಮೊತ್ತದ ಮೇಲೆ ಶೇ. 3. 201 ಯುವಾನ್ ಬಿಲ್ಲಿಗೆ ಆರು ಯುವಾನಿನ ಮೇಲೆ ಮೂರು ಫೆನ್ (ಯುವಾನಿನ ಪೈಸೆ) ದಂಡ. ಬಿಲ್ಲನ್ನು ಎರಡು ತುಂಡು ಮಾಡಿ ಎಂದು ಕೇಳಿ ನೋಡಬಹುದು; ಸಾಲು ಉದ್ದವಿದ್ದರೆ ಕೇಳದಿರುವುದೇ ಲೇಸು. ಮೇಲಿನ ಮಿತಿಯ ಚಿಂತೆ ಬೇಡ, 2024ರಲ್ಲಿ ಅದನ್ನು ಒಂದು ಸಲಕ್ಕೆ 5,000 ಡಾಲರಿಗೆ, ವರ್ಷಕ್ಕೆ 50,000 ಡಾಲರಿಗೆ ಏರಿಸಿದ್ದಾರೆ. ಅಷ್ಟು ಬಾವ್‌ಜಿ ಯಾರೂ ತಿನ್ನುವುದಿಲ್ಲ.

ನಗದು ಬೇಡ ಎನ್ನುವುದು ಅಲ್ಲಿ ಕಾನೂನಿಗೆ ವಿರುದ್ಧ. ಆದರೆ ಚಿಲ್ಲರೆ ಇಲ್ಲ ಎನ್ನುವುದಕ್ಕೆ ಯಾವ ಕಾನೂನೂ ಅಡ್ಡ ಬರುವುದಿಲ್ಲ. ನೂರರ ನೋಟು ಕಂಡ ಟ್ಯಾಕ್ಸಿಯವನ ಮುಖ ನೋಡಿದರೆ ಗೊತ್ತಾಗುತ್ತದೆ. ಹತ್ತು, ಇಪ್ಪತ್ತರ ನೋಟುಗಳನ್ನು ಬ್ಯಾಂಕಿನಲ್ಲೇ ಮುರಿಸಿ ಇಟ್ಟುಕೊಳ್ಳಿ.

ಅವು ಬೇಕಾಗುವುದು ಬ್ಯಾಟರಿ ಸತ್ತಾಗ. ಮೆಟ್ರೋ ಒಳಗೆ ಹೋಗುವಾಗ ತೋರಿಸಿದ ಕೋಡನ್ನು ಹೊರಬರುವಾಗಲೂ ತೋರಿಸಬೇಕು. ನಡುವೆ ಫೋನ್ ಆರಿಹೋದರೆ ನೆಲದಡಿಯಿಂದ ಮೇಲೆ ಬರಲು ಸಿಬ್ಬಂದಿಯ ಹತ್ತಿರ ಕೈಸನ್ನೆಯ ನಾಟಕ. ಸ್ವಂತ ಪವರ್ ಬ್ಯಾಂಕ್ ಒಯ್ಯೋಣವೆಂದರೆ, 2025ರ ಜೂನ್ 28ರಿಂದ ಚೀನಾದ ಒಳಗಿನ ವಿಮಾನಗಳಲ್ಲಿ 3ಸಿ ಎಂಬ ಚೀನಾದ ಸುರಕ್ಷತಾ ಪ್ರಮಾಣದ ಗುರುತಿಲ್ಲದ ಪವರ್ ಬ್ಯಾಂಕಿಗೆ ಪ್ರವೇಶವಿಲ್ಲ. ಚಿಂತೆಯಿಲ್ಲ, ಬಾಡಿಗೆ ಪವರ್ ಬ್ಯಾಂಕಿನ ಪೆಟ್ಟಿಗೆಗಳು ಅಂಗಡಿ ಅಂಗಡಿಯಲ್ಲೂ ಇವೆ. ಸತ್ತ ಫೋನು ಹಿಡಿದು ಹತ್ತಿರ ಹೋಗಿ ನೋಡಿದರೆ, ಪೆಟ್ಟಿಗೆಯ ಎದೆಯ ಮೇಲೆ ದೊಡ್ಡದೊಂದು ಕೋಡು: ಮೊದಲು ಫೋನಿನಲ್ಲಿ ಸ್ಕ್ಯಾನ್ ಮಾಡಿ.