ಆಪರೇಷನ್ನಿಗೆ ಮುಂಚಿನ ನಿಟ್ಟುಪವಾಸ

ಕಳೆದ ಬೇಸಿಗೆಯಲ್ಲಿ ನಾನು ಮೈಸೂರಿಗೆ ಬಂದಿದ್ದಾಗ ತಮ್ಮನ 4 ವರ್ಷದ ಮಗನಿಗೆ ಹರ್ನಿಯಾ ಆಪರೇಷನ್ ಇತ್ತು. ‘ರಾತ್ರಿ 10ರ ಮೇಲೆ ಒಂದು ತೊಟ್ಟು ನೀರೂ ಕೊಡಬೇಡಿ’ ಎಂದು ಹೇಳಿ ಕಳುಹಿಸಿದ್ದರು. ಬೆಳಿಗ್ಗೆ 8ಕ್ಕೆ ಆಗಬೇಕಾದದ್ದು, ತುರ್ತು ಕೇಸೊಂದು ಬಂದು ಮಧ್ಯಾಹ್ನ 1ಕ್ಕೆ ಹೋಯಿತು. ಹುಡುಗ ಮೊದಲು ರಚ್ಚೆ ಹಿಡಿದ. 11ರ ಹೊತ್ತಿಗೆ ಅಳುವುದನ್ನೂ ಬಿಟ್ಟು ತಾಯಿಯ ಹೆಗಲಿಗೆ ಒರಗಿಬಿಟ್ಟ. ತುಟಿ ಒಣಗಿ ಸಿಪ್ಪೆ ಎದ್ದಿತ್ತು. ನರ್ಸ್ ಎರಡು ಸಲ ಚುಚ್ಚಿದರೂ ನರ ಸಿಗಲಿಲ್ಲ. ಬೆರಳಿನ ರಕ್ತ ತೆಗೆದು ನೋಡಿದರೆ ಸಕ್ಕರೆ 58ಕ್ಕೆ ಇಳಿದಿತ್ತು. ಆಮೇಲೆ ಗಾಬರಿಯಿಂದ ಗ್ಲೂಕೋಸ್ ಹಾಕಿದರು.

ನಾನಿರುವ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ನನ್ನ ಮಗಳ ಟಾನ್ಸಿಲ್ ತೆಗೆಸುವಾಗ ಊಟ, ಹಾಲು 6 ಗಂಟೆ ಮುಂಚೆಯೇ ಬಂದ್. ಆದರೆ ಸರದಿ ತಡವಾದಾಗ ನರ್ಸೇ ಸಣ್ಣ ಲೋಟದಲ್ಲಿ ತಿಳಿ ಶರಬತ್ತು ತಂದು ‘ಕುಡಿಸಿ’ ಎಂದರು. ನಾನು ಬೆಚ್ಚಿ ಮತ್ತೊಮ್ಮೆ ಕೇಳಿದೆ. ಬ್ರಿಟನ್, ಫ್ರಾನ್ಸ್ ಮತ್ತು ಯುರೋಪಿನ ಮಕ್ಕಳ ಅರಿವಳಿಕೆ ತಜ್ಞರ ಸಂಘಗಳು 2018ರಲ್ಲಿ, ಬೇರೆ ತೊಂದರೆಯಿಲ್ಲದ ಮಕ್ಕಳಿಗೆ ತಿಳಿ ದ್ರವವನ್ನು (ನೀರು, ಸಕ್ಕರೆ ನೀರು, ತಿಳಿ ಶರಬತ್ತಿನಂಥದ್ದು) 1 ಗಂಟೆ ಮುಂಚಿನವರೆಗೂ ಕೊಡಬಹುದೆಂದು ಒಪ್ಪಿವೆ. ಅಮೆರಿಕದ ಸಂಘ ಈಗಲೂ 2 ಗಂಟೆ ಎನ್ನುತ್ತದೆ. 15 ಗಂಟೆ ಎಂದು ಯಾರೂ ಹೇಳಿಲ್ಲ.

ಅರಿವಳಿಕೆ ಕೊಟ್ಟಾಗ ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೇ ಅಪಾಯ. ಆ ಭಯ ಸುಳ್ಳಲ್ಲ. ಆದರೆ ನೀರು ಹೊಟ್ಟೆಯಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಅರ್ಧ ಗಂಟೆಯೊಳಗೆ ಅರ್ಧದಷ್ಟು ಮುಂದೆ ಸಾಗಿರುತ್ತದೆ. ಅತ್ತ ಮಗುವಿನ ಪಿತ್ತಜನಕಾಂಗದಲ್ಲಿ ಕೂಡಿಟ್ಟ ಸಕ್ಕರೆ ಕಡಿಮೆ. ಅದು ಮುಗಿಯುತ್ತಾ ಬಂದಂತೆ ದೇಹ ಕೊಬ್ಬು ಕರಗಿಸುತ್ತದೆ, ಅದರಿಂದ ಹುಟ್ಟುವ ಕೀಟೋನ್ ಎಂಬ ರಾಸಾಯನಿಕ ರಕ್ತದಲ್ಲಿ ಏರುತ್ತದೆ. ಗಟ್ಟಿಮುಟ್ಟಾದ ಮಕ್ಕಳಲ್ಲಿ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯುವುದು ಅಪರೂಪ, ನಿಜ. ಹಸುಗೂಸುಗಳ ವಿಷಯದಲ್ಲಿ ಆ ಧೈರ್ಯ ಸಲ್ಲದು.

ನಮ್ಮಲ್ಲಿ ಇದು ತೊಡಕಾಗುವುದಕ್ಕೆ ಇನ್ನೊಂದು ಕಾರಣವಿದೆ. ನಮ್ಮ ಏಕಾದಶಿಯ ಉಪವಾಸದಲ್ಲಿ ಹಾಲು, ಬಾಳೆಹಣ್ಣು ನಡೆಯುತ್ತದೆ. ಆ ಬೆಳಿಗ್ಗೆ ಅಮ್ಮ, ‘ಹಾಲು ಊಟವಲ್ಲವಲ್ಲೋ, ಅರ್ಧ ಲೋಟ ಕುಡಿಸೋಣ’ ಎಂದು ಬಿಸಿ ಮಾಡಲು ಹೊರಟಿದ್ದರು. ಅರಿವಳಿಕೆಯ ಲೆಕ್ಕ ಇದಕ್ಕೆ ತದ್ವಿರುದ್ಧ. ಸಕ್ಕರೆ ನೀರು ಆಗುತ್ತದೆ, ಹಾಲು ಆಗದು. ಹೊಟ್ಟೆಯಲ್ಲಿ ಒಡೆದು ಗಟ್ಟಿಯಾಗಿ ಊಟದಂತೆಯೇ ಕೂರುತ್ತದೆ. ನೀರಿಗೆ ಒಪ್ಪಿಗೆ ಕೊಟ್ಟರೆ ಹಿಂದೆಯೇ ಹಾಲು, ಬಿಸ್ಕತ್ತು ಬರುತ್ತವೆ ಎಂದು ಆಸ್ಪತ್ರೆಯವರು ಹೆದರುವುದು ನನಗೆ ಅರ್ಥವಾಗುತ್ತದೆ. ಅದಕ್ಕೆ ಮಗುವನ್ನು ನಿಟ್ಟುಪವಾಸ ಕೆಡವಬೇಕೆ? ಯಾವುದು ಬೇಡ, ಯಾವುದು ಎಷ್ಟು ಗಂಟೆಯವರೆಗೆ ಎಂದು ಕನ್ನಡದಲ್ಲಿ ಒಂದು ಚೀಟಿ ಬರೆದುಕೊಟ್ಟರೆ ಅಮ್ಮನಂಥವರಿಗೂ ತಿಳಿಯುತ್ತದೆ. ಆ ಲೆಕ್ಕ ಮಗುವಿನ ಸರದಿಯಿಂದ ಹಿಂದಕ್ಕೆ ಎಣಿಸಿದ್ದಾಗಿರಬೇಕು, ರಾತ್ರಿಯ ಊಟದಿಂದ ಮುಂದಕ್ಕಲ್ಲ.

ಲೀಡ್ಸ್‌ನಲ್ಲಿ ಮಗಳ ಆಪರೇಷನ್ನಿಗೆ ತಿಂಗಳುಗಟ್ಟಲೆ ಕಾದೆವು. ಮೈಸೂರಿನಲ್ಲಿ ವಾರದೊಳಗೆ ದಿನ ಸಿಕ್ಕಿತು. ಕೈಗುಣವೂ ಚೆನ್ನಾಗಿತ್ತು, ಹುಡುಗ ಈಗ ಓಡಾಡಿಕೊಂಡಿದ್ದಾನೆ. ಆದರೆ ಅಂದು ತಮ್ಮನ ಹೆಂಡತಿ ಮೂರು ಸಲ ಕೌಂಟರಿಗೆ ಹೋಗಿ ‘ಒಂದು ಚಮಚ ನೀರಾದರೂ ಕೊಡಲೇ’ ಎಂದು ಕೇಳಿದ್ದಳು. ಮೂರು ಸಲವೂ ಬೇಡವೆಂದರು. ‘ಅರಿವಳಿಕೆ ಡಾಕ್ಟರನ್ನು ಕೇಳಿ ಹೇಳುತ್ತೇವೆ, ಇರಿ’ ಎಂದು ಒಬ್ಬರೂ ಹೇಳಲಿಲ್ಲ.