ಉಳಿದದ್ದು ಎರಡು ‘ಪ’

ನನ್ನ ಪುಟ್ಟ ಮೋಟಾರು ದೋಣಿಯ ಚುಕ್ಕಾಣಿಯ ಪಕ್ಕದಲ್ಲಿ ಆರು ಸ್ವಿಚ್ಚುಗಳಿರುವ ಒಂದು ಫಲಕವಿದೆ. ದೋಣಿ ಕೊಂಡ ಹೊಸತರಲ್ಲಿ, ನನ್ನ ಕೈಬರಹದ ಬಗ್ಗೆ ನನಗಿದ್ದ ಹೆಮ್ಮೆಯನ್ನೆಲ್ಲ ಒಟ್ಟುಗೂಡಿಸಿ, ಬಿಳಿಯ ಅಂಟುಪಟ್ಟಿಗಳ ಮೇಲೆ ಕೆಂಪು ಮಾರ್ಕರಿನಿಂದ ಅವುಗಳ ಹೆಸರುಗಳನ್ನು ಬರೆದು ಅಂಟಿಸಿದ್ದೆ. ಆ ಮಾರ್ಕರಿನ ಮೈಮೇಲೆ ‘ಶಾಶ್ವತ’ ಎಂದು ಅಚ್ಚಾಗಿತ್ತು. ನೀರು ತಗುಲಿದರೆ ಶಾಯಿ ಅಳಿಸುವುದಿಲ್ಲ ಎಂಬುದಷ್ಟೇ ಆ ಮಾತಿನ ಅರ್ಥ. ಬಿಸಿಲಿನ ವಿಷಯದಲ್ಲಿ ಅದು ಯಾವ ಭರವಸೆಯನ್ನೂ ಕೊಟ್ಟಿರಲಿಲ್ಲವೆಂಬುದು ನನಗೆ ತಡವಾಗಿ ಹೊಳೆಯಿತು. ದೋಣಿಯಲ್ಲಿ ಬಿಸಿಲು ನೆತ್ತಿಯಿಂದ ಬೀಳುವುದಲ್ಲದೆ ನೀರಿಗೆ ಬಡಿದು ಪಕ್ಕದಿಂದಲೂ ಬರುತ್ತದೆ, ಅದರಲ್ಲಿರುವ ನೇರಳಾತೀತ ಕಿರಣಗಳು ಬಣ್ಣದ ಅಣುಗಳನ್ನೇ ಮುರಿದು ಹಾಕುತ್ತವೆ, ಮತ್ತು ಇಂಥ ಶಾಯಿಗಳಲ್ಲಿ ಕೆಂಪು ಬಹುಮಟ್ಟಿಗೆ ಮೊದಲ ಸಾಲಿನಲ್ಲೇ ಶರಣಾಗುತ್ತದೆ. ಸೀಸದಕಡ್ಡಿಯಿಂದ ಬರೆದಿದ್ದರೆ ಅಕ್ಷರಗಳು ಹಾಗೆಯೇ ಇರುತ್ತಿದ್ದವು, ಏಕೆಂದರೆ ಗ್ರಾಫೈಟಿಗೆ ಬಿಸಿಲಿನ ಭಯವಿಲ್ಲ. ಆದರೆ ಸ್ವಂತ ದೋಣಿಯ ಮೇಲೆ ಯಾರು ತಾನೇ ಸೀಸದಕಡ್ಡಿಯಲ್ಲಿ ಬರೆಯುತ್ತಾರೆ?

ಎರಡು ಬೇಸಿಗೆ ಕಳೆಯುವ ಹೊತ್ತಿಗೆ ಆರು ಪಟ್ಟಿಗಳೂ ಬೋಳಾಗಿದ್ದವು. ಚುಕ್ಕಾಣಿಯ ಚಕ್ರದ ನೆರಳು ಬೀಳುತ್ತಿದ್ದ ಒಂದು ಬೆರಳಗಲದ ಜಾಗ ಮಾತ್ರ ಉಳಿದುಕೊಂಡಿತ್ತು. ಅಲ್ಲಿ ಒಂದು ಪಟ್ಟಿಯ ಕೊನೆಯೂ ಮುಂದಿನ ಪಟ್ಟಿಯ ಮೊದಲೂ ಅಕ್ಕಪಕ್ಕ ಬರುತ್ತಿದ್ದವು. ಮೊದಲನೆಯದು ‘ಸಂಚಾರ ದೀಪ’, ಎರಡನೆಯದು ‘ಪಂಪ್’. ಹೀಗಾಗಿ ಇಡೀ ಫಲಕದಲ್ಲಿ ಉಳಿದದ್ದು ಎರಡು ‘ಪ’ಗಳು, ಅವಳಿ ಮಕ್ಕಳಂತೆ ಪಕ್ಕಪಕ್ಕದಲ್ಲಿ.

ನನಗೆ ಇದರಿಂದ ಏನೂ ತೊಂದರೆಯಾಗಿರಲಿಲ್ಲ. ನನ್ನ ಬೆರಳುಗಳಿಗೆ ಎಲ್ಲ ಗೊತ್ತಿತ್ತು. ತೊಂದರೆಯಾದದ್ದು ಗೆಳೆಯನೊಬ್ಬನಿಗೆ. ಮುಸ್ಸಂಜೆ ದಕ್ಕೆಗೆ ಮರಳಿ ನಾನು ಹಗ್ಗ ಕಟ್ಟುತ್ತಿದ್ದಾಗ, “ದೀಪ ಇನ್ನೂ ಹಾಕಿಲ್ಲ, ಸ್ವಲ್ಪ ಒತ್ತಿಬಿಡು, ‘ಪ’ ಎಂದು ಬರೆದಿದೆ ನೋಡು” ಎಂದೆ. ಅವನು ಓದುಬರಹ ಬಲ್ಲವನು, ‘ಪ’ ಒತ್ತಿದ. ದೋಣಿಯ ತಳದಲ್ಲಿ ಸೇರುವ ಎಣ್ಣೆ ಬೆರೆತ ಕೊಳೆನೀರನ್ನು ಹೊರಚೆಲ್ಲುವ ಬಿಲ್ಜ್ ಪಂಪು ಗುಂಯ್‌ಗುಟ್ಟಿ, ಪಕ್ಕದ ದೋಣಿಯಲ್ಲಿ ಕುಳಿತು ಪುಸ್ತಕ ಓದುತ್ತಿದ್ದವರ ಮಡಿಲಿಗೆ ನೇರವಾಗಿ ನೀರು ಸುರಿಯಿತು. ಅವರು ಏನೂ ಅನ್ನಲಿಲ್ಲ. ಪುಸ್ತಕವನ್ನು ತಲೆಕೆಳಗು ಹಿಡಿದು ನೀರು ಬಸಿದರು, ಅಷ್ಟೇ. ಬೈದಿದ್ದರೆ ಸಹಿಸಬಹುದಿತ್ತು.

ಮರುದಿನ ಬೆಳಿಗ್ಗೆ ಹೊಸ ಲೇಬಲ್ ಅಂಟಿಸುವ ಸಂಕಲ್ಪದೊಂದಿಗೆ ಹೊರಟೆ. ಮೊದಲು ಹಳೆಯದನ್ನೆಲ್ಲ ಕಿತ್ತೆ. ಕೂದಲು ಒಣಗಿಸುವ ಯಂತ್ರದಿಂದ ಬಿಸಿಗಾಳಿ ಊದಿದರೆ ಅಂಟು ಮೆತ್ತಗಾಗಿ ಪಟ್ಟಿ ಸಲೀಸಾಗಿ ಏಳುತ್ತದೆ, ಉಳಿದ ಜಿಗುಟನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಬೇಕು. ಇಷ್ಟನ್ನು ತಿಳಿದಿದ್ದ ನಾನು, ಒಂದೇ ಒಂದು ಮೂಲೆಯಲ್ಲಿ ಆತುರಕ್ಕೆ ಅಸಿಟೋನ್ ಬಳಸಿದೆ. ಪ್ಲಾಸ್ಟಿಕ್ಕಿಗೂ ಅಸಿಟೋನಿಗೂ ಇರುವ ಸಂಬಂಧ ಬೆಣ್ಣೆಗೂ ಬೆಂಕಿಗೂ ಇರುವಂಥದ್ದು. ಆ ಮೂಲೆಯಲ್ಲಿ ನನ್ನ ಹೆಬ್ಬೆರಳಿನ ಗುರುತು ಈಗ ನಿಜವಾಗಿಯೂ ಶಾಶ್ವತವಾಗಿದೆ.

ಫಲಕವು ಕನ್ನಡಿಯಂತೆ ಸ್ವಚ್ಛವಾದ ಮೇಲೆ, ಯಾವುದು ಯಾವುದೆಂದು ಬರೆದುಕೊಳ್ಳಲು ಕುಳಿತೆ, ಏನೂ ನೆನಪಾಗಲಿಲ್ಲ. ಒಂದು ಚಿತ್ರವನ್ನಾದರೂ ತೆಗೆದಿಟ್ಟುಕೊಳ್ಳಬಹುದಿತ್ತು, ತೆಗೆದಿರಲಿಲ್ಲ. ಇಷ್ಟು ದಿನ ದೋಣಿ ನಡೆಸಿದ್ದು ನನ್ನ ಬೆರಳುಗಳೇ ಹೊರತು ನಾನಲ್ಲವೆಂಬುದು ಆಗ ತಿಳಿಯಿತು. ಅವುಗಳನ್ನು ಕೇಳೋಣವೆಂದರೆ, ಗಮನವಿಟ್ಟು ನೋಡಿದೊಡನೆ ಅವೂ ಮರೆತವರಂತೆ ನಿಂತುಬಿಟ್ಟವು. ಒಂದೊಂದನ್ನೇ ಒತ್ತಿ ನೋಡುವುದಲ್ಲದೆ ಬೇರೆ ದಾರಿಯಿರಲಿಲ್ಲ.

ಮೊದಲನೆಯದು ಹಾರ್ನ್. ಗಾಬರಿಯಲ್ಲಿ ಅದನ್ನು ಮೂರು ಸಲ ಒತ್ತಿದೆ. 1972ರ ಅಂತಾರಾಷ್ಟ್ರೀಯ ನೌಕಾ ನಿಯಮಗಳ ಪ್ರಕಾರ ಮೂರು ಕಿರು ಕೂಗುಗಳೆಂದರೆ ‘ನನ್ನ ಎಂಜಿನ್ ಹಿಮ್ಮುಖವಾಗಿ ನಡೆಯುತ್ತಿದೆ’ ಎಂದರ್ಥ. ನನ್ನ ದೋಣಿಯನ್ನು ನಾಲ್ಕು ಹಗ್ಗಗಳಿಂದ ಬಿಗಿದಿದ್ದರೂ ಹಿಂದೆ ಇದ್ದ ಇಬ್ಬರು ದಡಬಡಿಸಿ ತಮ್ಮ ದೋಣಿಗಳನ್ನು ಸರಿಸಿಕೊಂಡರು. ಎದುರಿನವರ ಉದ್ದೇಶ ತಿಳಿಯದೆ ಸಂಶಯವಾದಾಗ ಕೂಗಿಸಬೇಕಾದದ್ದು ಕನಿಷ್ಠ ಐದು ಸಲ. ನ್ಯಾಯವಾಗಿ ಆ ಸಂಕೇತವನ್ನು ಅವರು ನನಗೆ ಕೊಡಬೇಕಿತ್ತು.

ಮುಂದಿನ ಎರಡು ಸ್ವಿಚ್ಚುಗಳು ಒಂದೇ ರೀತಿ ಗುಂಯ್‌ಗುಟ್ಟಿದವು. ಒಂದು ಪಂಪು, ಇನ್ನೊಂದು ಬ್ಲೋವರ್. ಪೆಟ್ರೋಲಿನ ಆವಿಯು ಗಾಳಿಗಿಂತ ಭಾರವಾದ್ದರಿಂದ ಎಂಜಿನ್ನಿನ ಗೂಡಿನ ತಳದಲ್ಲಿ ಕುಳಿತುಕೊಳ್ಳುತ್ತದೆ, ಎಂಜಿನ್ ಚಾಲೂ ಮಾಡುವ ಮೊದಲು ಕನಿಷ್ಠ 4 ನಿಮಿಷ ಬ್ಲೋವರ್ ಓಡಿಸಿ ಅದನ್ನು ಹೊರದಬ್ಬಬೇಕು. ಇಲ್ಲಿ ಮಾತ್ರ ತಮಾಷೆಗೆ ಜಾಗವಿಲ್ಲ. ಗಾಳಿಕಿಂಡಿಯ ಬಳಿ ಕಿತ್ತ ಪಟ್ಟಿಯ ಒಂದು ಚೂರನ್ನು ಹಿಡಿದು, ಅದು ಪಟಪಟಿಸಿದಾಗ ಆ ಸ್ವಿಚ್ಚಿಗೆ ಬ್ಲೋವರ್ ಎಂದು ನಾಮಕರಣ ಮಾಡಿದೆ.

ದೀಪದ ಸ್ವಿಚ್ಚಿಗೆ ಮೂರು ನಿಲುವುಗಳು. ಮೇಲಕ್ಕೆ ಒತ್ತಿದರೆ ಎಡಗಡೆಯ ಕೆಂಪು, ಬಲಗಡೆಯ ಹಸಿರು ಮತ್ತು ಸುತ್ತಲೂ ಕಾಣುವ ಬಿಳಿದೀಪ ಒಟ್ಟಿಗೆ ಹೊತ್ತುತ್ತವೆ, ಕೆಳಕ್ಕೆ ಒತ್ತಿದರೆ ಲಂಗರು ಹಾಕಿದಾಗಿನ ಗುರುತಾಗಿ ಅದೇ ಬಿಳಿದೀಪ ಒಂದೇ ಉರಿಯುತ್ತದೆ, ನಡುವೆ ಆರಿಕೆ. ನಡುಹಗಲಿನಲ್ಲಿ ಇದನ್ನು ಒಬ್ಬನೇ ಪರೀಕ್ಷಿಸುವುದೆಂದರೆ ಸ್ವಿಚ್ ಒತ್ತಿ, ಮೂತಿಯವರೆಗೆ ಓಡಿ, ಅಂಗೈಯಿಂದ ದೀಪಕ್ಕೆ ಮರೆ ಹಿಡಿದು ನೋಡಿ, ಮತ್ತೆ ಓಡಿ ಬರುವುದು. ದಕ್ಕೆಯಲ್ಲಿ ನಿಂತವರು ಇದನ್ನು ವ್ಯಾಯಾಮವೆಂದು ತಿಳಿದಿರಬೇಕು. ಐದನೆಯದು ಪುಟ್ಟ ಒಳದೀಪದ್ದು. ಆರನೆಯದನ್ನು ಒತ್ತಿದರೆ ಏನೂ ಆಗಲಿಲ್ಲ. ಫಲಕದ ಹಿಂದೆ ತಂತಿಯನ್ನು ಹುಡುಕುತ್ತ ಹೋದೆ; ಅದು ಒಂದು ಗೇಣು ದೂರ ಹೋಗಿ, ತುದಿಗೆ ಟೇಪು ಸುತ್ತಿಕೊಂಡು ಸುಮ್ಮನಾಗಿತ್ತು. ಇದಕ್ಕೆ ಎರಡು ವರ್ಷಗಳ ಹಿಂದೆ ನಾನು ಏನೆಂದು ಹೆಸರು ಬರೆದಿದ್ದೆನೋ, ತಿಳಿಯದು.

ಇನ್ನು ಅಚ್ಚಿನ ಯಂತ್ರ. ಬರಿಯ ಶಾಖಕ್ಕೆ ಕಪ್ಪಾಗುವ ಕಾಗದವನ್ನು ಬಿಟ್ಟು, ಅಕ್ಷರದ ಮೇಲೆ ಪಾರದರ್ಶಕ ಪದರವಿರುವ 12 ಮಿಲಿಮೀಟರ್ ಅಗಲದ ಟೇಪನ್ನೇ ಆರಿಸಿದ್ದೆ. ಆದರೆ ಆ ಯಂತ್ರಕ್ಕೆ ಒತ್ತಕ್ಷರಗಳೆಂದರೆ ಅಸಡ್ಡೆ. ಸಾಲಿನ ಕೆಳಗೆ ಇಳಿದದ್ದನ್ನೆಲ್ಲ ಕತ್ತರಿಸಿ ಒಗೆಯಿತು. ‘ಬ್ಲೋವರ್’ ಹೋಗಿ ‘ಬೋವರ್’ ಬಂತು. ‘ಬಿಲ್ಜ್ ಪಂಪ್’ ಎಂಬುದು ‘ಬಿಲ್ ಪಂಪ್’ ಆಯಿತು. ದೋಣಿ ಸಾಕಿದವರಾರೂ ಇದನ್ನು ತಪ್ಪೆನ್ನಲಾರರೆಂದು ಹಾಗೆಯೇ ಅಂಟಿಸಿದೆ.

ಅಂಟು ಪೂರ್ತಿ ಹಿಡಿಯಲು ಕನಿಷ್ಠ ಒಂದು ದಿನವಾದರೂ ಬೇಕೆಂದು ಪೊಟ್ಟಣದ ಮೇಲೆಯೇ ಬರೆದಿತ್ತು. ಆದರೆ ಕೆಲಸ ಮುಗಿದ ಸಂತೋಷದಲ್ಲಿ ಅಂದು ಸಂಜೆಯೇ ಇಡೀ ದೋಣಿಯನ್ನು ಕೊಳವೆ ಹಿಡಿದು ತೊಳೆದೆ. ನಾಲ್ಕು ದಿನಗಳ ನಂತರ ಪಂಪು ಗುಂಯ್‌ಗುಟ್ಟಿದರೂ ನೀರು ಹೊರಬರಲಿಲ್ಲ. ತಳದ ಹಲಗೆ ಎತ್ತಿ, ಮೊಣಕೈವರೆಗೆ ಕೈ ಇಳಿಸಿ, ಪಂಪಿನ ಜಾಲರಿಗೆ ಅಡ್ಡವಾಗಿ ಅಂಟಿಕೊಂಡಿದ್ದ ಪಟ್ಟಿಯನ್ನು ಎಳೆದು ತೆಗೆದೆ. ಅದರ ಮೇಲೆ ‘ಬಿಲ್ ಪಂಪ್’ ಎಂದಿತ್ತು. ಸರಿಯಾದ ಜಾಗಕ್ಕೇ ಹೋಗಿತ್ತು, ಪಾಪ, ತುಸು ಹೆಚ್ಚೇ ಸರಿಯಾದ ಜಾಗಕ್ಕೆ.

ಎರಡನೆಯ ಸಲ 18 ಮಿಲಿಮೀಟರ್ ಟೇಪು ತಂದು, ಒತ್ತುಗಳು ಉಳಿದಿವೆಯೆಂದು ಖಚಿತಪಡಿಸಿಕೊಂಡು, ಎರಡು ದಿನ ಹನಿ ನೀರನ್ನೂ ಹತ್ತಿರ ಬಿಡದೆ ಕಾದೆ. ಈಗ ಐದು ಲೇಬಲ್‌ಗಳೂ ಗಟ್ಟಿಯಾಗಿ ನಿಂತಿವೆ. ಆರನೆಯ ಸ್ವಿಚ್ಚನ್ನು ಖಾಲಿ ಬಿಟ್ಟಿದ್ದೆ. ದೋಣಿ ಹತ್ತಿದವರೆಲ್ಲ ಮೊದಲು ಅದನ್ನೇ ಒತ್ತುತ್ತಿದ್ದರು. ಹಾಗಾಗಿ ಅದಕ್ಕೂ ‘ಒತ್ತಿದರೆ ಏನೂ ಆಗದು’ ಎಂಬ ಪಟ್ಟಿ ಅಂಟಿಸಿದೆ. ಈಗ ಎರಡೆರಡು ಸಲ ಒತ್ತಿ ನೋಡುತ್ತಾರೆ.