ಮುಚ್ಚಳ ಹಾಕೋಕೆ ಮೂರನೇ ಕೈ ಎಲ್ಲಿಂದ ತರೋದು?

ರಕ್ತ ತೆಗೆಯುವವರಿಗೆ ಸೂಜಿ ಚುಚ್ಚಿತು ಅಂದರೆ ಸಾಕು, ಮೊದಲು ಬರುವ ಮಾತು "ನೋಡ್ಕೊಂಡು ಮಾಡೋದಲ್ವಾ?" ದಿನವಿಡೀ ಇದೇ ಕೆಲಸ ಮಾಡುವ ನನ್ನಂಥವರಿಗೆ ಇದನ್ನು ಕೇಳಿದರೆ ಮೈ ಉರಿಯುತ್ತದೆ. ನೋಡಿಕೊಂಡೇ ಮಾಡ್ತೀವಿ ಸ್ವಾಮಿ, ನೋಡದೆ ಇದ್ದರೆ ನರ ಸಿಗೋದಿಲ್ಲ. ಎಡವಟ್ಟು ಹೆಚ್ಚಾಗಿ ಆಗುವುದು ನರ ಹುಡುಕುವಾಗ ಅಲ್ಲ, ರಕ್ತ ತೆಗೆದು ಮುಗಿದ ಮೇಲೆ.

ಆ ಒಂದೆರಡು ಸೆಕೆಂಡನ್ನು ನಿಧಾನವಾಗಿ ನೋಡಿ. ಕೊನೆಯ ಟ್ಯೂಬ್ ತುಂಬಿತು. ತೋಳಿನ ಪಟ್ಟಿ ಬಿಚ್ಚಿ, ಟ್ಯೂಬನ್ನು ಹೋಲ್ಡರಿನಿಂದ (ಸೂಜಿ, ಟ್ಯೂಬ್ ಎರಡನ್ನೂ ಹಿಡಿದಿಡುವ ಪ್ಲಾಸ್ಟಿಕ್ ಹಿಡಿಕೆ) ಎಳೆದಿಟ್ಟಾಯಿತು. ಎಡಗೈಯಲ್ಲಿ ಹತ್ತಿ. ಬಲಗೈ ಸೂಜಿ ಎಳೆದ ತಕ್ಷಣ ಎಡಗೈ ಹತ್ತಿಯನ್ನು ಒತ್ತಿ ಹಿಡಿಯಬೇಕು, ತಡವಾದರೆ ರಕ್ತ ಚರ್ಮದಡಿ ಇಳಿದು ನೀಲಿಗಟ್ಟುತ್ತದೆ. ಅಷ್ಟರಲ್ಲಿ ರೋಗಿ ಕೈ ಮಡಚಲು ಹೊರಟಿರುತ್ತಾರೆ, ಕೆಲವರು ತಲೆ ಸುತ್ತಿ ಪಕ್ಕಕ್ಕೆ ವಾಲುತ್ತಾರೆ. ನನ್ನ ಬಲಗೈಯಲ್ಲಿ ಉಳಿದಿರುವುದು ಇನ್ನೊಬ್ಬರ ರಕ್ತವನ್ನು ಒಳಗಿಟ್ಟುಕೊಂಡ ಬರಿ ಸೂಜಿ. ಗಾಯಕ್ಕೆ ಹೊಲಿಗೆ ಹಾಕುವ ಗಟ್ಟಿ ಸೂಜಿಗಿಂತ ಈ ಟೊಳ್ಳು ಸೂಜಿಗೆ ಹೆಚ್ಚು ಹೆದರಬೇಕಾದದ್ದು ಇದಕ್ಕೇ.

ಎಚ್‌ಐವಿ ಇರುವವರ ರಕ್ತದ ಸೂಜಿ ಚುಚ್ಚಿದರೆ ಸೋಂಕು ತಗಲುವ ಸಂಭವ ಸುಮಾರು ಶೇ. 0.3. ಹೆಪಟೈಟಿಸ್ ಬಿ ಆದರೆ, ಲಸಿಕೆ ಹಾಕಿಸಿಕೊಳ್ಳದವರಿಗೆ ಶೇ. 6ರಿಂದ 30. ಗಾಯ ಆಳವಾಗಿದ್ದರೆ, ಸೂಜಿಯ ಮೇಲೆ ಕಣ್ಣಿಗೆ ಕಾಣುವಷ್ಟು ರಕ್ತವಿದ್ದರೆ, ಸೂಜಿ ನೇರ ರಕ್ತನಾಳದೊಳಗೆ ಹೋಗಿ ಬಂದಿದ್ದರೆ ಎಚ್‌ಐವಿ ಅಪಾಯ ಹೆಚ್ಚು ಎಂದು 1997ರಲ್ಲಿ ಪ್ರಕಟವಾದ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯ ಅಧ್ಯಯನ ಹೇಳಿತು. ರಕ್ತನಾಳಕ್ಕೆ ಹೋಗಿ ಬರುವುದೇ ನಮ್ಮ ಸೂಜಿಯ ಕೆಲಸ!

"ಅಜಾಗರೂಕತೆ" ಅನ್ನುವ ಆರೋಪಕ್ಕೆ 1988ರಲ್ಲೇ ಒಂದು ಒಳ್ಳೆಯ ಉತ್ತರ ಸಿಕ್ಕಿತ್ತು. ವರ್ಜೀನಿಯಾ ವಿಶ್ವವಿದ್ಯಾಲಯದ ಜನೀನ್ ಜಾಗರ್ ಮತ್ತು ಸಂಗಡಿಗರು ಯಾರಿಗೆ ಚುಚ್ಚಿತು ಅನ್ನುವುದರ ಜೊತೆಗೆ ಯಾವ ಸಾಧನ ಚುಚ್ಚಿತು ಅಂತಲೂ ಲೆಕ್ಕ ಹಾಕಿದರು. ಬಳಸಿದ ಮೇಲೆ ಬಿಡಿಭಾಗ ಬಿಚ್ಚಬೇಕಾದ ಸಾಧನಗಳಲ್ಲಿ ಕೆಲವು, ಸಾಮಾನ್ಯ ಸಿರಿಂಜಿಗಿಂತ ಐದು ಪಟ್ಟು ಹೆಚ್ಚು ಚುಚ್ಚುತ್ತಿದ್ದವು. ಸುಮಾರು ಮೂರನೇ ಒಂದು ಭಾಗ ಗಾಯಗಳು ಕ್ಯಾಪ್ ಮತ್ತೆ ಹಾಕಲು ಹೋಗಿ ಆದವು. ಹಾಕಬೇಡಿ ಅಂದರೂ ಯಾಕೆ ಹಾಕುತ್ತಿದ್ದರು? ಬಿಚ್ಚಿದ ಸೂಜಿ ಹಿಡಿದು ಓಡಾಡುವುದು, ಭಾಗ ಕಳಚುವುದು ಅದಕ್ಕಿಂತ ಅಪಾಯ ಅಂತ ಅನ್ನಿಸಿ. ಎರಡು ಅಪಾಯದಲ್ಲಿ ಸಣ್ಣದನ್ನು ಆರಿಸಿಕೊಂಡವರನ್ನೇ ನಾವು ಬೈಯುತ್ತಾ ಬಂದಿದ್ದೇವೆ.

ಈಗಿನ ಸೇಫ್ಟಿ ಸೂಜಿಗಳ ವಿಷಯಕ್ಕೆ ಬರುತ್ತೇನೆ. ಹೆಚ್ಚು ಕಾಣುವುದು ಸೂಜಿಯ ಬುಡಕ್ಕೇ ಜೋಡಿಸಿದ ಮಡಚುವ ಪ್ಲಾಸ್ಟಿಕ್ ಮುಚ್ಚಳ. ಹೆಬ್ಬೆರಳಿನಿಂದ ತಳ್ಳಿದರೆ "ಟಕ್" ಅಂತ ಕೂರುತ್ತದೆ. ಏನೂ ಇಲ್ಲದ್ದಕ್ಕಿಂತ ಇದು ಎಷ್ಟೋ ವಾಸಿ. ಆದರೆ ಕೈಯ ಹಿಂಭಾಗದ ಸಣ್ಣ ನರಕ್ಕೆ ಸೂಜಿಯನ್ನು ತಗ್ಗಿಸಿ ಹಿಡಿಯಬೇಕಾದಾಗ ಈ ಮುಚ್ಚಳ ಅಡ್ಡ ಬರುತ್ತದೆ. ಆಗ ಅದನ್ನು ಪಕ್ಕಕ್ಕೆ ತಿರುಗಿಸಿಕೊಳ್ಳುತ್ತೇವೆ. ಕೊನೆಗೆ ಹೆಬ್ಬೆರಳು ತಡಕಾಡುವ ಜಾಗದಲ್ಲಿ ಅದು ಇರುವುದಿಲ್ಲ. ಅರ್ಧ ಮುಚ್ಚಿಕೊಂಡರೆ ಇನ್ನೂ ಕಷ್ಟ: ನೋಡಿದವರಿಗೆ ಮುಚ್ಚಿದಂತೆ ಕಾಣುತ್ತದೆ, ತುದಿ ಮಾತ್ರ ಹೊರಗೇ ಇರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಮುಚ್ಚುವ ಹೊತ್ತಿಗೆ ಸೂಜಿ ಆಗಲೇ ಹೊರಗೆ ಬಂದಿರುತ್ತದೆ.

ನನ್ನ ಮತ ಗುಂಡಿ ಒತ್ತುವ ಬಟರ್‌ಫ್ಲೈ ಸೂಜಿಗೆ, ಅಂದರೆ ಹಿಡಿಯಲು ಎರಡು ಪುಟ್ಟ ರೆಕ್ಕೆ, ಹಿಂದೆ ಉದ್ದನೆಯ ತೆಳು ನಳಿಕೆ ಇರುವ ಸೂಜಿಗೆ. ಸೂಜಿ ಇನ್ನೂ ನರದಲ್ಲಿರುವಾಗಲೇ ಗುಂಡಿ ಒತ್ತಿದರೆ ಒಳಗಿನ ಸ್ಪ್ರಿಂಗ್ ಅದನ್ನು ಹಿಂದಕ್ಕೆ, ಪ್ಲಾಸ್ಟಿಕ್ ಕವಚದೊಳಕ್ಕೆ ಸೆಳೆದುಕೊಳ್ಳುತ್ತದೆ. ಬರಿ ತುದಿ ಗಾಳಿಗೆ ಬರುವುದೇ ಇಲ್ಲ. ಕುಂದು ಇಲ್ಲ ಅಂತಲ್ಲ. ಕೈತಪ್ಪಿ ಮೊದಲೇ ಒತ್ತಿದರೆ ರೋಗಿಗೆ ಎರಡನೇ ಸಲ ಚುಚ್ಚಬೇಕು, ಅವರ ಮುಖ ನೋಡಲಾಗುವುದಿಲ್ಲ. ಸ್ಪ್ರಿಂಗ್ ಎಳೆತಕ್ಕೆ ಕೆಲವರು ಬೆಚ್ಚುತ್ತಾರೆ. ನರದೊಳಗಿರುವಾಗಲೇ ಒಳಗಿನಿಂದ ಮೊಂಡು ಕೊಳವೆ ಮುಂದೆ ಚಾಚಿ ಚೂಪನ್ನು ಕೊಲ್ಲುವ ಸೂಜಿಯೂ ಒಂದು ಬಂದಿತ್ತು. ಜಾಣ ಉಪಾಯ ಅದು.

ಫ್ರಾನ್ಸಿನ 61 ಆಸ್ಪತ್ರೆಗಳ ಅಧ್ಯಯನ 2010ರಲ್ಲಿ ಬಂತು. ತಾನಾಗಿ ಮುಚ್ಚಿಕೊಳ್ಳುವ ಸಾಧನಗಳಲ್ಲಿ ಗಾಯ ಎಲ್ಲಕ್ಕಿಂತ ಕಡಿಮೆ. ಆಮೇಲೆ ಗುಂಡಿ ಒತ್ತಿದರೆ ಉಳಿದದ್ದನ್ನು ತಾನೇ ಮಾಡುವಂಥ ಅರೆಸ್ವಯಂಚಾಲಿತ ಸಾಧನಗಳು, ನಂತರ ಮಡಚುವ ಮುಚ್ಚಳ, ಕೊನೆಗೆ ಕೈಯಿಂದ ಜಾರಿಸುವ ಕವಚ. ಅಂದರೆ ಕೈಗೆ ಕೆಲಸ ಹೆಚ್ಚಿದಷ್ಟೂ ಗಾಯ ಹೆಚ್ಚು.

ಇನ್ನು ಸೂಜಿಯ ಹಿಂದಿನ ತುದಿ. ಟ್ಯೂಬಿನ ಬಿರಡೆ ಚುಚ್ಚುವುದಕ್ಕೆ ಅಲ್ಲೂ ಒಂದು ಮೊನೆ ಇದೆ, ತೆಳ್ಳಗಿನ ರಬ್ಬರ್ ಕವಚದೊಳಗೆ. ಹೋಲ್ಡರ್ ಉಳಿಸೋಣ ಅಂತ ಸೂಜಿಯನ್ನು ತಿರುಗಿಸಿ ಬಿಚ್ಚಿದರೆ ಮುಂದಿನ ತುದಿಗೆ ಎಷ್ಟು ಮುಚ್ಚಳ ಹಾಕಿದ್ದರೂ ಹಿಂದಿನದು ಬೆರಳಿಗೆ ಕಾದಿರುತ್ತದೆ. ಆ ಚಿಲ್ಲರೆ ಉಳಿತಾಯ ಬೇಡ, ಹೋಲ್ಡರ್ ಸಮೇತ, ಬಳಸಿದ ಸೂಜಿ ಎಸೆಯುವ ಡಬ್ಬಿಗೆ ಹಾಕಿ.

ಬಟರ್‌ಫ್ಲೈಯನ್ನು ಇಷ್ಟು ಹೊಗಳಿದೆನಲ್ಲ, ಸೇಫ್ಟಿ ಇಲ್ಲದ ಬಟರ್‌ಫ್ಲೈಯಷ್ಟು ಕಿತಾಪತಿಯದ್ದು ಇನ್ನೊಂದಿಲ್ಲ. ಪೊಟ್ಟಣದಲ್ಲಿ ಸುರುಳಿ ಸುತ್ತಿಕೊಂಡಿದ್ದ ಅದರ ನಳಿಕೆ ಆ ಸುತ್ತನ್ನು ಬಿಡುವುದಿಲ್ಲ. ಡಬ್ಬಿಯ ಬಾಯಿಗೆ ಇಳಿಸುತ್ತಿದ್ದಂತೆ ಬಾಲದ ಕಡೆ ತಿರುಚಿಕೊಂಡು, ಸೂಜಿ ಹಾವಿನ ಹೆಡೆಯ ಹಾಗೆ ನಮ್ಮ ಕೈ ಕಡೆಗೇ ತಿರುಗುತ್ತದೆ. ಡಬ್ಬಿ ತುಂಬಿ ತುಳುಕುತ್ತಿದ್ದರಂತೂ ಮುಗಿಯಿತು.

ಅಮೆರಿಕದಲ್ಲಿ 2000ದ ನವೆಂಬರಿನಲ್ಲಿ ಸಹಿಯಾದ ಸೂಜಿಗಾಯ ತಡೆ ಕಾಯ್ದೆಯ ಒಂದು ಅಂಶ ನನಗೆ ತುಂಬಾ ಹಿಡಿಸಿತು: ಸಾಧನ ಆರಿಸುವಾಗ ರೋಗಿಯ ಪಕ್ಕ ನಿಂತು ಕೆಲಸ ಮಾಡುವವರ ಅಭಿಪ್ರಾಯವನ್ನು ಮಾಲೀಕರು ಕೇಳಲೇಬೇಕು, ಮ್ಯಾನೇಜರುಗಳದ್ದು ಮಾತ್ರ ಸಾಲದು. ಐರೋಪ್ಯ ಒಕ್ಕೂಟದ 2010ರ ನಿರ್ದೇಶನ ಕ್ಯಾಪ್ ಮತ್ತೆ ಹಾಕುವುದನ್ನೇ ನಿಷೇಧಿಸಿತು. ಒಳ್ಳೆಯದೇ, ಆದರೆ ಹಾಕದೆ ಇರಲು ಆಗುವಂಥ ಸೂಜಿಯನ್ನೂ ಕೈಗೆ ಕೊಡಬೇಕು.

ಕೊಳ್ಳುವ ಸ್ಥಾನದಲ್ಲಿರುವವರು ಯಾರಾದರೂ ಇದನ್ನು ಓದುತ್ತಿದ್ದರೆ, ಮಾರಾಟಗಾರರು ಮೇಜಿನ ಮೇಲೆ ಎರಡೂ ಕೈಯಲ್ಲಿ ಹಿಡಿದು ತೋರಿಸುವುದನ್ನು ನೋಡಿ ಆರ್ಡರ್ ಹಾಕಬೇಡಿ. ನಮ್ಮ ಕೈಗೆ ಕೊಡಿ. ಒಂದು ಸೈಜ್ ದೊಡ್ಡ ಗ್ಲೌಸ್ ಹಾಕಿಕೊಂಡು, ಒಂದು ಕೈಯಲ್ಲಿ ಹತ್ತಿ ಒತ್ತಿ ಹಿಡಿದು, ಇನ್ನೊಂದರಲ್ಲೇ ಮುಚ್ಚಿ ನೋಡುತ್ತೇವೆ. ಎಡಗೈಯವರಿಗೂ ಕೊಡಿ. ಮುಚ್ಚಲು ಎರಡನೇ ಕೈ ಬೇಕಾದರೆ ಆ ಪೆಟ್ಟಿಗೆಯನ್ನು ಹಾಗೇ ವಾಪಸ್ ಕಳಿಸಿ.